ಹಣ್ಣಿನ ಬಣ್ಣ ಇದೆ, ಹಣ್ಣಿನ ಸಿಹಿ ಇಲ್ಲ: ಈ ಬಿಯರ್ ಕೆಟ್ಟಿದೆಯೇ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಮ್ಮಣ್ಣ ಬ್ರಸೆಲ್ಸ್‌ದಾಗ ನೌಕರಿ ಮಾಡ್ತಾನ್ರಿ. ಯುಗಾದಿಗೆ ಬಂದಾಗ ಚೆರ್ರಿ ಹಣ್ಣಿನ ಹುಳಿ ಬಿಯರ್ ಎರಡು ಬಾಟ್ಲಿ ತಂದಿದ್ದ. ಮ್ಯಾಲೆ ‘ಔಡೆ ಕ್ರೀಕ್’ ಅಂತ ಬರದದ. ಬೆಂಗಳೂರಿಂದ ಕಲಬುರಗಿತನಕ ಕಾರಿನ ಡಿಕ್ಕಿಯೊಳಗ ಬಂದಾವು. ಒಂದು ಬಾಟ್ಲಿ ಫ್ರೀಜರ್‌ನಾಗ ಇಟ್ಟು ಥಂಡಾ ಮಾಡಿ ಮಿರ್ಚಿ ಭಜಿ ಜೊತಿ ಕುಡದ್ವಿ. ನೋಡಿದ್ರ ಶರಬತ್ತಿನಂಗ ಕೆಂಪಗೆ, ಬಾಯಾಗ ಇಟ್ರ ಸಿಹಿನೇ ಇಲ್ಲ. ಬರೀ ಹುಳಿ, ಮ್ಯಾಲೆ ಕೊಟ್ಟಿಗಿ ವಾಸನಿ. ಬಿಸಿಲಿಗೆ ಕೆಟ್ಟದ ಅಂತ ಅರ್ಧ ಚೆಲ್ಲಿದ್ವಿ. ಹಿಂದ ಬೆಂಗಳೂರಾಗ ಪೇರಲ ಹಣ್ಣಿನ ಹುಳಿ ಬಿಯರ್ ಕುಡದಿದ್ದೆ, ಅದು ಛಲೋ ಇತ್ತು. ಇದು ಖರೇನೇ ಕೆಟ್ಟಿತ್ತೇನ್ರಿ? ಇಂಥಾದ್ದನ್ನ ಹ್ಯಾಂಗ ರುಚಿ ನೋಡಬೇಕು? ಉಳಿದ ಬಾಟ್ಲಿ ದೀಪಾವಳಿಗೆ ಅಣ್ಣ ಮತ್ತ ಬರೋತನಕ ಇಡಬಹುದೇನ್ರಿ?

ಉತ್ತರ: ನಿಮ್ಮ ಮೊದಲ ಬಾಟಲಿ ಕೆಟ್ಟಿರಲಿಲ್ಲ. ಲೇಬಲ್ಲಿನ ಹೆಸರನ್ನು ನೀವು ಬರೆದಿರುವುದರಿಂದ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಸಿಹಿ ಇಲ್ಲ, ಹುಳಿ ಇದೆ, ಕೊಟ್ಟಿಗೆಯ ವಾಸನೆ ಇದೆ ಎಂಬ ನಿಮ್ಮ ಮೂರು ದೂರುಗಳೂ ಔಡೆ ಕ್ರೀಕಿನ ಲಕ್ಷಣಗಳೇ. ಅರ್ಧ ಚೆಲ್ಲಿದಿರೆಂದು ಓದಿ ನನಗೆ ಸಂಕಟವಾಯಿತು. ಆ ಬಿಯರ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ತಯಾರಾಗಿದ್ದು.

ಮೊದಲು ಸಿಹಿಯ ಮಾತು. ಹಣ್ಣಿನ ಬಿಯರ್ ಎಂದ ಕೂಡಲೇ ನಮ್ಮ ನಾಲಿಗೆ ಜ್ಯೂಸಿಗೆ ಸಜ್ಜಾಗಿ ಕೂರುತ್ತದೆ. ಆದರೆ ಹಣ್ಣು ಪೀಪಾಯಿಗೆ ಬೀಳುವ ಹೊತ್ತಿಗೆ ಒಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತದೆ. ಚೆರ್ರಿಯ ಸಕ್ಕರೆ ಅದಕ್ಕೆ ಹೊಸ ಆಹಾರ. ಕೆಲವು ತಿಂಗಳಲ್ಲಿ ಅಷ್ಟನ್ನೂ ತಿಂದು ಮದ್ಯಸಾರವಾಗಿಯೂ ಗಾಳಿಗುಳ್ಳೆಯಾಗಿಯೂ ಮಾಡಿಬಿಡುತ್ತದೆ. ಉಳಿಯುವುದು ಹಣ್ಣಿನ ಬಣ್ಣ, ಹಣ್ಣಿನ ಸ್ವಂತ ಹುಳಿ, ಸಿಪ್ಪೆ ಮತ್ತು ಬೀಜದ ಒಗರು, ಮತ್ತೆ ವಾಸನೆ. ಹಾಗಾಗಿ ಇಂಥ ಬಿಯರಿನಲ್ಲಿ ಹಣ್ಣನ್ನು ಮೂಗಿನಿಂದ ಹುಡುಕಬೇಕು. ನಾಲಿಗೆಯಲ್ಲಿ ಹುಡುಕಿದವರಿಗೆ ನಿರಾಸೆ ಖಂಡಿತ. ಸಿಹಿ ಕ್ರೀಕ್ ಕೂಡ ಮಾರುಕಟ್ಟೆಯಲ್ಲಿ ಇದೆ. ಲಿಂಡೆಮನ್ಸ್ ಕಂಪನಿಯದು ಅಂಥದ್ದು, ಮದ್ಯಸಾರ ಶೇಕಡಾ 3.5 ಮಾತ್ರ, ಮೊದಲ ಸಲ ಕುಡಿಯುವವರಿಗೂ ಹಿಡಿಸುತ್ತದೆ. ಆದರೆ ಹೆಸರಿನ ಮುಂದೆ ‘ಔಡೆ’ ಇದ್ದರೆ ಅದು ಹಳೆಯ ಕ್ರಮದ, ಸಿಹಿ ಬೆರೆಸದ ಮಾಲು ಎಂದು ತಿಳಿಯಿರಿ. ಈ ಹೆಸರಿಗೆ 1997ರಿಂದ ಯುರೋಪಿನ ಒಕ್ಕೂಟದ ಕಾನೂನಿನ ರಕ್ಷಣೆ ಇದೆ. ಇದರಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 6ರ ಆಚೀಚೆ ಇರುತ್ತದೆ.

ಕೊಟ್ಟಿಗೆಯ ವಾಸನೆ ಎಲ್ಲಿಂದ ಬಂತು ಎಂಬುದು ಅರ್ಥವಾಗಬೇಕಾದರೆ ಈ ಬಿಯರ್ ಹುಟ್ಟುವ ರೀತಿ ಗೊತ್ತಿರಬೇಕು. ಕ್ರೀಕಿನ ತಾಯಿ ಲ್ಯಾಂಬಿಕ್ ಎಂಬ ಬಿಯರ್. ಬೆಲ್ಜಿಯಂನ ಬ್ರಸೆಲ್ಸ್ ನಗರ ಮತ್ತು ಅದರ ಸುತ್ತಲಿನ ಸೆನ್ ನದಿಯ ಕಣಿವೆ ಅದರ ಊರು. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆಗೆ ಮೊಳಕೆ ಬರಿಸದ ಹಸಿ ಗೋಧಿಯನ್ನು ಸುಮಾರು ಮೂರನೇ ಒಂದು ಪಾಲು ಹಾಕಿ ರಸ ತೆಗೆಯುತ್ತಾರೆ. ಹಾಪ್ಸ್ ಎಂಬ ಕಹಿ ಹೂವು ಹಾಕುತ್ತಾರೆ, ಆದರೆ ಬೇಕಂತಲೇ ವರ್ಷಗಟ್ಟಲೆ ಹಳತಾಗಿಸಿದ ಹಾಪ್ಸ್: ಕಹಿ ಹೋಗಿರುತ್ತದೆ, ಬೇಡದ ಬ್ಯಾಕ್ಟೀರಿಯಾವನ್ನು ತಡೆಯುವ ಗುಣ ಉಳಿದಿರುತ್ತದೆ. ಕುದಿಸಿದ ರಸವನ್ನು ಅಗಲವಾದ, ಆಳ ಕಡಿಮೆಯಿರುವ ತೆರೆದ ತೊಟ್ಟಿಯಲ್ಲಿ ಸುರಿದು, ಅಟ್ಟದ ಕಿಟಕಿ ತೆರೆದು, ರಾತ್ರಿಯಿಡೀ ಬಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ತೊಲೆಗಳಲ್ಲಿ, ಹಳೆಯ ಮರದ ಪೀಪಾಯಿಗಳಲ್ಲಿ ಇರುವ ಸೂಕ್ಷ್ಮಜೀವಿಗಳೇ ಕೆಲಸ ಶುರು ಮಾಡುತ್ತವೆ. ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. ಈಚಲು ಮರದಿಂದ ಇಳಿಸಿದ ಸೇಂದಿ ಬೆಳಗ್ಗೆ ಸಿಹಿ, ಬಿಸಿಲೇರಿದ ಹಾಗೆ ಹುಳಿ. ಮಡಿಕೆಗೆ ಯಾರೂ ಏನೂ ಬೆರೆಸಿರುವುದಿಲ್ಲ. ಸೇಂದಿಯಲ್ಲಿ ಒಂದು ಹಗಲಲ್ಲಿ ಮುಗಿಯುವ ಈ ಕೆಲಸ ಬ್ರಸೆಲ್ಸ್‌ನ ಚಳಿಯಲ್ಲಿ ಎರಡು ಮೂರು ವರ್ಷ ನಡೆಯುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಅಲ್ಲಿ ಲ್ಯಾಂಬಿಕ್ ಕುದಿಸುವುದಕ್ಕೂ ಇದೇ ಕಾರಣ. ಬೇಸಿಗೆಯಲ್ಲಿ ರಸ ಬೇಗ ತಣಿಯುವುದಿಲ್ಲ, ಕೆಡಿಸುವ ಜೀವಿಗಳು ಮೊದಲು ಬಂದು ಕೂರುತ್ತವೆ.

ಪೀಪಾಯಿಯೊಳಗೆ ಪಾಳಿ ಪ್ರಕಾರ ಕೆಲಸ ನಡೆಯುತ್ತದೆ. ಮೊದಲ ಕೆಲವು ವಾರ ಕರುಳಿನ ಬ್ಯಾಕ್ಟೀರಿಯಾ ಕುಟುಂಬದ ಜೀವಿಗಳು. ಆಮೇಲೆ ಮಾಮೂಲಿ ಬಿಯರ್ ಯೀಸ್ಟ್ ಬಂದು ಮದ್ಯಸಾರ ಮಾಡುತ್ತದೆ. ಮುಂದಿನ ಬೇಸಿಗೆಯ ಕಾವಿಗೆ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಎದ್ದು ಹುಳಿ ಕೊಡುತ್ತದೆ. ಆ ಹೊತ್ತಿನಲ್ಲಿ ಬಿಯರ್ ಎಳೆ ಎಳೆಯಾಗಿ, ಲೋಳೆಯಂತೆ ಆಗುವುದೂ ಉಂಟು. ಕೊನೆಗೆ ಬರುವುದು ಬ್ರೆಟನೊಮೈಸಿಸ್ ಎಂಬ ನಿಧಾನದ ಯೀಸ್ಟ್. ಲೋಳೆಯನ್ನು ಒಡೆದು ಬಿಯರನ್ನು ತಿಳಿಯಾಗಿಸುವುದು, ಉಳಿದ ಸಕ್ಕರೆಯನ್ನೆಲ್ಲ ತಿಂದು ಒಣಗಿಸುವುದು, ಒದ್ದೆ ಹುಲ್ಲು, ಹಳೆ ತೊಗಲು, ಕುದುರೆ ಲಾಯದ ವಾಸನೆ ಕೊಡುವುದು ಇದೇ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ 1904ರಲ್ಲಿ ಇದಕ್ಕೆ ಹೆಸರಿಟ್ಟರು. ಅವರಿಗೆ ಅದು ಸಿಕ್ಕಿದ್ದು ಇಂಗ್ಲಿಷ್ ಬಿಯರುಗಳಲ್ಲಿ. ಬೇರೆ ಹೆಚ್ಚಿನ ಬಿಯರುಗಳಲ್ಲಿ, ವೈನಿನಲ್ಲಿ ಇದು ಹೊಕ್ಕರೆ ಕೆಟ್ಟಿತೆಂದೇ ಲೆಕ್ಕ. ಲ್ಯಾಂಬಿಕ್‌ನಲ್ಲಿ ಮಾತ್ರ ಅದಿಲ್ಲದಿದ್ದರೆ ರುಚಿ ಪೂರ್ತಿಯಾಗುವುದಿಲ್ಲ. ನೀವು ಕೊಟ್ಟಿಗೆ ಎಂದು ಗುರುತಿಸಿದ್ದು ಇದನ್ನೇ. ನಿಮ್ಮ ಮೂಗು ಸರಿಯಾಗಿಯೇ ಕೆಲಸ ಮಾಡಿದೆ.

ಹೀಗೆ ಮಾಗಿದ ಲ್ಯಾಂಬಿಕ್‌ಗೆ ಹುಳಿ ಚೆರ್ರಿ ಹಾಕಿದರೆ ಕ್ರೀಕ್. ಬ್ರಸೆಲ್ಸ್‌ನಲ್ಲಿ 1900ರಿಂದ ನಡೆಯುತ್ತಿರುವ ಕ್ಯಾಂಟಿಯಾನ್ ಮನೆತನದ ಬ್ರೂವರಿಯಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಹಣ್ಣು ಹಾಕುತ್ತಾರೆ. ಹಣ್ಣನ್ನು ಬೀಜ ಸಮೇತ ಹಾಕುವುದು ಹಳೆಯ ಪದ್ಧತಿ. ಆ ಬೀಜದಿಂದ ಬಾದಾಮಿ ಎಸೆನ್ಸಿನ ವಾಸನೆ ಇಳಿಯುತ್ತದೆ. ಇದು ನಿಮಗೆ ಉಪಯೋಗಕ್ಕೆ ಬರುವ ಸುಳಿವು. ಹುಳಿ ಚೆರ್ರಿ ನಮ್ಮ ಕಡೆ ಸಂತೆಯಲ್ಲಿ ಬರುವ ಹಣ್ಣಲ್ಲ, ಬೇಕರಿ ಕೇಕಿನ ಮೇಲಿನ ಸಕ್ಕರೆಪಾಕದ ಚೆರ್ರಿಗೂ ಅದಕ್ಕೂ ರುಚಿಯಲ್ಲಿ ಸಂಬಂಧವಿಲ್ಲ. ನೆನಪಿನಲ್ಲಿ ಇಲ್ಲದ ಹಣ್ಣನ್ನು ಮೂಗು ಹೆಸರಿಟ್ಟು ಹಿಡಿಯಲಾರದು. ಬಾದಾಮಿಯನ್ನು ಹಿಡಿಯಬಲ್ಲದು. ಅಲ್ಲಿಂದ ಶುರು ಮಾಡಿ.

ಬೆಂಗಳೂರಿನಲ್ಲಿ ನೀವು ಕುಡಿದ ಪೇರಲದ ಬಿಯರ್ ಬೇರೆ ದಾರಿಯದು. ಮೈಕ್ರೋಬ್ರೂವರಿಗಳಲ್ಲಿ ಸಿಗುವ ಹಣ್ಣಿನ ಹುಳಿ ಬಿಯರ್ ಹೆಚ್ಚಾಗಿ ಕೆಟಲ್ ಸಾವರ್ ಎಂಬ ಬಗೆ. ಮಾಲ್ಟಿನ ರಸವನ್ನು ಸುಮಾರು 40 ಡಿಗ್ರಿಗೆ ಇಳಿಸಿ, ಮೊಸರಿನಲ್ಲಿರುವಂಥ ಲ್ಯಾಕ್ಟೋಬ್ಯಾಸಿಲಸ್ ಹಾಕಿ, ಒಂದೆರಡು ದಿನ ಬೆಚ್ಚಗೆ ಇಡುತ್ತಾರೆ. ಬೇಕಾದಷ್ಟು ಹುಳಿ ಬಂದ ಮೇಲೆ ಮತ್ತೆ ಕುದಿಸಿ ಬ್ಯಾಕ್ಟೀರಿಯಾ ಕೊಂದು, ಮಾಮೂಲಿ ಯೀಸ್ಟ್ ಹಾಕಿ, ಹಣ್ಣಿನ ತಿರುಳು ಬೆರೆಸುತ್ತಾರೆ. ಕೆಲವೇ ವಾರಗಳಲ್ಲಿ ನಲ್ಲಿಗೆ ಬರುತ್ತದೆ. ಹುಳಿ ಶುದ್ಧ, ಒಂದೇ ಪದರ. ಕೊಟ್ಟಿಗೆ ಇಲ್ಲ, ಪೀಪಾಯಿಯ ಮರ ಇಲ್ಲ. ಪೇರಲದ ವಾಸನೆ ಹುದುಗಿದ ಮೇಲೂ ಗಟ್ಟಿಯಾಗಿ ನಿಲ್ಲುತ್ತದೆ, ಮಾವಿನದು ಬಹಳ ಸಲ ಸೋತುಹೋಗುತ್ತದೆ. ಮಾವಿನ ಬಿಯರ್ ಕುಡಿದು ಮಾವು ಎಲ್ಲಿ ಎಂದು ಕೇಳುವವರ ಅನುಭವ ಸುಳ್ಳಲ್ಲ. ಒಳ್ಳೆಯ ಕೆಟಲ್ ಸಾವರ್ ಬಗ್ಗೆ ನನಗೆ ಗೌರವವಿದೆ, ಕಲಬುರಗಿಯ ಮೇ ತಿಂಗಳಿಗೆ ಅದರಷ್ಟು ಹಿತವಾದ ಬಿಯರ್ ಕಡಿಮೆ. ಆದರೆ ಅದರ ಅಳತೆಗೋಲಿನಿಂದ ಔಡೆ ಕ್ರೀಕ್ ಅಳೆದರೆ ಅನ್ಯಾಯವಾಗುತ್ತದೆ.

ಎರಡನೇ ಬಾಟಲಿ ತೆಗೆಯುವ ಮೊದಲು ಅಡುಗೆಮನೆಯಲ್ಲಿ ಒಂದು ಅಭ್ಯಾಸ ಮಾಡಿ. ಹುಳಿ ಬಿಯರ್ ರುಚಿ ನೋಡಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಾಲ್ಕು ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಮೊಸರಿನ ಮೇಲೆ ನಿಲ್ಲುವ ತಿಳಿನೀರು. ಇನ್ನೊಂದರಲ್ಲಿ ನೀರಿಗೆ ಹಿಂಡಿದ ಲಿಂಬೆ. ಮೂರನೆಯದರಲ್ಲಿ ತೆಳ್ಳಗೆ ಕಿವುಚಿ ಸೋಸಿದ ಹುಣಸೆನೀರು. ನಾಲ್ಕನೆಯದರಲ್ಲಿ ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್. ಯಾವುದಕ್ಕೂ ಉಪ್ಪು, ಸಕ್ಕರೆ ಬೇಡ. ಒಂದೊಂದೇ ಗುಟುಕು ಬಾಯಲ್ಲಿ ಹಿಡಿದು ನಿಧಾನಕ್ಕೆ ನೋಡಿ.

ಲಿಂಬೆಯ ಸಿಟ್ರಿಕ್ ಆಮ್ಲ ಥಟ್ಟನೆ ಚುಚ್ಚಿ ಥಟ್ಟನೆ ಹೋಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ದವಡೆ ಹಿಡಿಯುತ್ತದೆ, ಹಲ್ಲು ಚಳಿತಂತೆ ಆಗುತ್ತದೆ. ಮೊಸರಿನ ತಿಳಿಯ ಲ್ಯಾಕ್ಟಿಕ್ ಆಮ್ಲಕ್ಕೆ ಮೊನೆಯಿಲ್ಲ. ದುಂಡಗೆ, ಮೆತ್ತಗೆ ಬಂದು ಬಹಳ ಹೊತ್ತು ಉಳಿಯುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲವೆಂದೇ ಹೇಳಬೇಕು. ವಿನೆಗರಿನ ಅಸಿಟಿಕ್ ಆಮ್ಲ ಇವೆಲ್ಲಕ್ಕಿಂತ ಬೇರೆ: ಬಾಯಿಗೆ ಮುಟ್ಟುವ ಮೊದಲೇ ಮೂಗಿಗೆ ಬಡಿಯುತ್ತದೆ, ನುಂಗಿದ ಮೇಲೆ ಗಂಟಲು ಸುಡುತ್ತದೆ. ನಾಲಿಗೆಯ ಅಂಚಿನಲ್ಲಿ ಮಾತ್ರ ಹುಳಿ ತಿಳಿಯುತ್ತದೆ ಎಂದು ಶಾಲೆಯಲ್ಲಿ ಚಿತ್ರ ಬರೆಸಿದ್ದರೆ ಅದನ್ನು ಮರೆತುಬಿಡಿ. ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿ ತಿಳಿಯುತ್ತದೆ.

ಈ ನಾಲ್ಕು ಬಾಯಿಗೆ ಪಾಠವಾದರೆ ಯಾವ ಹುಳಿ ಬಿಯರ್ ಕೊಟ್ಟರೂ ದಿಕ್ಕು ತಪ್ಪುವುದಿಲ್ಲ. ಕೆಟಲ್ ಸಾವರ್ ಬಹುಮಟ್ಟಿಗೆ ಮೊಸರಿನ ತಿಳಿಯ ಕಡೆ. ಪೇರಲ ಹಾಕಿದ್ದರೆ ಅದರ ಸಿಟ್ರಿಕ್ ಹುಳಿಯೂ ಮೇಲೆ ಸೇರುತ್ತದೆ. ನಿಮ್ಮ ಕ್ರೀಕಿನಲ್ಲಿ ತಳಹದಿ ಲ್ಯಾಕ್ಟಿಕ್, ಅದರ ಮೇಲೆ ಚೆರ್ರಿಯ ಮ್ಯಾಲಿಕ್ ಆಮ್ಲ (ಹಸಿರು ಸೇಬಿನಲ್ಲಿ ಇರುವುದು ಇದೇ), ಅಂಚಿನಲ್ಲಿ ವಿನೆಗರಿನ ಒಂದು ಎಳೆ. ವಿನೆಗರ್ ಅಂಚಿನಲ್ಲಿದ್ದರೆ ಸೊಗಸು, ನಡುಮನೆಗೆ ಬಂದರೆ ದೋಷ. ಬೆಲ್ಜಿಯಂನದೇ ರೋಡನ್‌ಬಾಕ್‌ನಂಥ ಕೆಂಪು ಬಿಯರುಗಳಲ್ಲಿ ಈ ಎಳೆ ಸ್ವಲ್ಪ ದಪ್ಪ ಇರುತ್ತದೆ, ಅದು ಅವುಗಳ ಶೈಲಿ. ಅಂಕಿ ಬೇಕಿದ್ದರೆ: ಸಾಮಾನ್ಯ ಲಾಗರ್ ಬಿಯರಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4.2ರಿಂದ 4.6, ಇಂಥ ಹುಳಿ ಬಿಯರಿನದು 3.2ರಿಂದ 3.6. ಒಂದು ಅಂಕಿ ಇಳಿದರೆ ಹತ್ತು ಪಟ್ಟು ಎಂಬ ಲೆಕ್ಕ ಇದರಲ್ಲಿ ಇರುವುದರಿಂದ ಈ ಅಂತರ ಸಣ್ಣದಲ್ಲ.

ಈಗ ಬಾಟಲಿ. ಒಂದು ದಿನ ಮೊದಲೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಗಸಿ ಕೂರಲಿ. ಕುಡಿಯುವುದಕ್ಕೆ ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ; ಬೇಸಿಗೆಯಾದರೆ ಹತ್ತು ನಿಮಿಷ ಸಾಕು. 8ರಿಂದ 12 ಡಿಗ್ರಿಯೊಳಗೆ ಇರಬೇಕು. ನಿಮ್ಮ ಮೊದಲ ಬಾಟಲಿಗೆ ಆದ ದೊಡ್ಡ ನಷ್ಟ ಫ್ರೀಜರಿನಿಂದ. ನಮ್ಮ ಊರಲ್ಲಿ ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ಥಂಡಾ ಇರಬೇಕೆಂಬ ರೂಢಿ, 42 ಡಿಗ್ರಿ ಬಿಸಿಲಿಗೆ ಅದು ಸಹಜವೂ ಹೌದು. ಆದರೆ ಅಷ್ಟು ತಣ್ಣಗಾದಾಗ ಹಣ್ಣಿನ ವಾಸನೆ ದ್ರವದಿಂದ ಮೇಲೇಳುವುದೇ ಇಲ್ಲ, ಹುಳಿ ಮತ್ತು ಒಗರು ಮಾತ್ರ ಬಾಯಲ್ಲಿ ಎದ್ದು ನಿಲ್ಲುತ್ತವೆ. ಬರೀ ಹುಳಿ ಎಂದು ನೀವು ಬರೆದದ್ದು ಅದಕ್ಕೇ.

ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಕೆಳಗೆ ಅಗಲವಾಗಿ ಮೇಲೆ ಸ್ವಲ್ಪ ಮುಚ್ಚಿಕೊಂಡ ವೈನ್ ಗ್ಲಾಸ್ ಇದ್ದರೆ ಉತ್ತಮ, ಇಲ್ಲದಿದ್ದರೆ ತೆಳುವಾದ ಗಾಜಿನ ಲೋಟ. ತೊಳೆಯುವ ಸೋಪಿನ ಜಿಡ್ಡು ಉಳಿಯದಂತೆ ಬರೀ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ. ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ವಾಸನೆಗೆ ಜಾಗ ಬೇಕು. ನೊರೆ ಗುಲಾಬಿ ಬಣ್ಣದಲ್ಲಿ ಎದ್ದು ಬೇಗ ಇಳಿದುಹೋಗುತ್ತದೆ. ಹುಳಿ ಬಿಯರಿನಲ್ಲಿ ನೊರೆ ಹಿಡಿದು ನಿಲ್ಲಿಸುವ ಪ್ರೋಟೀನ್ ದುರ್ಬಲವಾಗಿರುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ.

ಮೊದಲು ಗ್ಲಾಸ್ ಅಲುಗಿಸದೆ ಮೂಸಿ. ಆಮೇಲೆ ಒಂದು ಸುತ್ತು ತಿರುಗಿಸಿ ಮೂಸಿ. ಒಂದೇ ಸಲಕ್ಕೆ ಉದ್ದಕ್ಕೆ ಎಳೆದುಕೊಂಡರೆ ಮೂಗು ಬೇಗ ದಣಿಯುತ್ತದೆ. ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ. ಮೊದಲು ಕೊಟ್ಟಿಗೆ ಸಿಕ್ಕರೆ ಸಿಗಲಿ, ಅದರ ಹಿಂದೆ ಏನಿದೆ ನೋಡಿ: ಬಾದಾಮಿ, ಒಣ ಹಣ್ಣು, ಹಳೆ ಮರ, ಒಂದಿಷ್ಟು ದಾಲ್ಚಿನ್ನಿಯಂಥದ್ದು. ಮೊದಲ ಗುಟುಕನ್ನು ನಂಬಬೇಡಿ. ಹುಳಿ ತಾಗಿದ ಕೂಡಲೇ ಬಾಯಲ್ಲಿ ಜೊಲ್ಲು ಒಸರುತ್ತದೆ, ನಾಲಿಗೆ ಬೆದರಿರುತ್ತದೆ, ಆಗ ಹುಳಿಯ ಹೊರತು ಬೇರೇನೂ ತಿಳಿಯುವುದಿಲ್ಲ. ಎರಡನೆಯದಕ್ಕೆ ಹೊಂದಿಕೊಳ್ಳುತ್ತದೆ. ತೀರ್ಮಾನ ಮೂರನೇ ಗುಟುಕಿಗೆ ಇಟ್ಟುಕೊಳ್ಳಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನಕ್ಕೆ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಈ ಗಾಳಿಯಲ್ಲೇ ಚೆರ್ರಿ ಇರುವುದು. ನಾವು ಹಣ್ಣಿನ ರುಚಿ ಎನ್ನುವುದರ ಬಹುಪಾಲು ಹೀಗೆ ಹಿಂಬಾಗಿಲಿನಿಂದ ಬರುವ ವಾಸನೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದೂ ಇದರಿಂದಲೇ. ಕೊನೆಗೆ ಒಗರು ಗಮನಿಸಿ, ಒಸಡಿನ ಮೇಲೆ ನೇರಳೆ ತಿಂದ ಮೇಲಿನಂಥ ಹಿಡಿತ ಉಳಿಯುತ್ತದೆ. ಗ್ಲಾಸಿನಲ್ಲಿ ಬಿಯರ್ ಬಿಸಿಯೇರುತ್ತಾ ಹೋದಂತೆ ಹಣ್ಣು ಮುಂದಕ್ಕೆ ಬರುತ್ತದೆ, ಹಾಗಾಗಿ ಅವಸರ ಬೇಡ.

ನಿಜವಾಗಿ ಕೆಟ್ಟದ್ದನ್ನು ಗುರುತಿಸುವುದು ಹೇಗೆ ಎಂದೂ ಹೇಳಬೇಕು. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ, ಮೂಗು ಕೊರೆಯುವ ವಿನೆಗರ್, ಒದ್ದೆ ರಟ್ಟಿನ ವಾಸನೆ ಇದ್ದರೆ ಗಾಳಿ ಹೊಕ್ಕಿದೆ ಅಥವಾ ಹಳಸಿದೆ. ವಾಂತಿಯ, ಕಮಟಿದ ತುಪ್ಪದ ವಾಸನೆ ಬ್ಯುಟಿರಿಕ್ ಆಮ್ಲದ್ದು. ಕೆಟಲ್ ಸಾವರ್ ಮಾಡುವಾಗ ಸ್ವಚ್ಛತೆ ತಪ್ಪಿದರೆ ಇದು ಬರುತ್ತದೆ, ಅಂಥದ್ದನ್ನು ಸಂಕೋಚವಿಲ್ಲದೆ ವಾಪಸ್ ಕಳಿಸಿ. ಇನ್ನೊಂದು ವಿಚಿತ್ರ ದೋಷವಿದೆ: ಮೂಸಿದಾಗ ಏನೂ ಇಲ್ಲ, ನುಂಗಿದ ಕೆಲವು ಕ್ಷಣದ ಮೇಲೆ ಇಲಿಗೂಡಿನಂಥ ರುಚಿ. ಹುಳಿಯಲ್ಲಿ ಅಡಗಿ ಕೂತಿದ್ದ ವಸ್ತು ಜೊಲ್ಲು ಬೆರೆತು ಹುಳಿ ತಗ್ಗಿದಾಗ ಹೊರಬೀಳುವುದರಿಂದ ಹೀಗಾಗುತ್ತದೆ. ಕೆಲವರಿಗೆ ಇದು ತಿಳಿಯುವುದೇ ಇಲ್ಲ. ಒಂದು ದಿನ ಡಿಕ್ಕಿಯಲ್ಲಿ ಬಂದದ್ದರಿಂದ ನಿಮ್ಮ ಕ್ರೀಕಿಗೆ ಇಷ್ಟೆಲ್ಲ ಆಗಿರದು. ಇಷ್ಟು ಹುಳಿಯ, ಜೀವಂತ ಯೀಸ್ಟ್ ಇರುವ ಬಿಯರ್ ಸಾಮಾನ್ಯ ಲಾಗರಿಗಿಂತ ಗಟ್ಟಿ ಜೀವ. ಹಣ್ಣಿನ ತಿರುಳು ತುಂಬಿದ ಕ್ಯಾನ್ ಮಾತ್ರ ಎಂದೂ ಬಿಸಿಲಲ್ಲಿ ತರಬೇಡಿ. ಉಳಿದ ಸಕ್ಕರೆ ಒಳಗೇ ಮತ್ತೆ ಹುದುಗಿ ಕ್ಯಾನ್ ಒಡೆಯಬಹುದು.

ಮಿರ್ಚಿ ಭಜಿಯ ಮಾತು ಉಳಿಯಿತು. ಭಜಿ ನನಗೂ ಪ್ರಾಣ, ಆದರೆ ಈ ಬಿಯರಿನ ಜೊತೆ ಬೇಡ. ಮೆಣಸಿನಕಾಯಿಯ ಉರಿಯನ್ನು ಗಾಳಿಗುಳ್ಳೆಯೂ ಮದ್ಯಸಾರವೂ ಕೆದಕುತ್ತವೆ, ಉರಿಯುವ ಬಾಯಿಗೆ ಸೂಕ್ಷ್ಮ ವಾಸನೆ ದಕ್ಕುವುದಿಲ್ಲ. ರಂಜಕಕ್ಕೂ ಇದೇ ಮಾತು. ಶೇಂಗಾ ಹೋಳಿಗೆಯಂಥ ಸಿಹಿಯೂ ಆಗದು. ಸಿಹಿ ತಿಂದ ಬಾಯಿಗೆ ಹುಳಿ ಇನ್ನಷ್ಟು ಮೊನಚಾಗುತ್ತದೆ, ಬಿಯರ್ ನೀರಾಗುತ್ತದೆ. ಪುಂಡಿ ಪಲ್ಯದ ಜೊತೆ ತಿರುವುಮುರುವು: ಊಟ ಹುಳಿಯಿದ್ದರೆ ಬಿಯರಿನ ಹುಳಿ ತಗ್ಗಿದಂತೆ ಕಂಡು ಹಣ್ಣು ಮೇಲೆ ಬರುತ್ತದೆ. ಹುಳಿಗೆ ಹೆದರುವ ಗೆಳೆಯರಿಗೆ ನಾನು ಖಾರ ಕಡಿಮೆ ಹಾಕಿದ ಪುಂಡಿ ಪಲ್ಯವನ್ನೇ ಶಿಫಾರಸು ಮಾಡುವುದು. ರುಚಿ ನೋಡುವಾಗ ಗುಟುಕುಗಳ ನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ನಮ್ಮ ಖಡಕ್ ಜೋಳದ ರೊಟ್ಟಿಯ ಚೂರಿಗೆ ಸಾಟಿಯಿಲ್ಲ, ಎಣ್ಣೆಯಿಲ್ಲ, ವಾಸನೆ ಬಲು ಕಡಿಮೆ. ಊಟಕ್ಕಾದರೆ ಶೇಂಗಾ ಹಾಕಿದ, ಖಾರ ಮಿತವಾದ ಬದನೆಕಾಯಿ ಎಣ್ಣೆಗಾಯಿ. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಶೇಂಗಾ ಮತ್ತು ಚೆರ್ರಿ ಬೀಜದ ಬಾದಾಮಿ ವಾಸನೆ ಒಂದಕ್ಕೊಂದು ಒಗ್ಗುತ್ತವೆ. ಅಸಿಡಿಟಿ ತೊಂದರೆ ಇರುವವರು ಈ ಬಿಯರನ್ನು ಬಿಡುವುದೇ ಒಳ್ಳೆಯದು. ಕುಡಿದ ಕೂಡಲೇ ಹಲ್ಲು ಉಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ. ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಗಾಡಿ ಓಡಿಸುವ ಮಾತಂತೂ ಬೇಡ.

ದೀಪಾವಳಿಯವರೆಗೆ ಇಡಬಹುದೇ ಎಂದರೆ, ಇಡಬಹುದು, ಆದರೆ ಫ್ರಿಜ್ಜಿನೊಳಗೆ ಮಾತ್ರ. ಬೆಲ್ಜಿಯಂನಲ್ಲಿ ಇಂಥ ಬಾಟಲಿಗಳನ್ನು ತಂಪಾದ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಕಲಬುರಗಿಯ ಮನೆಯಲ್ಲಿ ಮೇ ತಿಂಗಳಿನ ಅಟ್ಟವಾಗಲಿ ಕಪಾಟಾಗಲಿ ಆ ಕೆಲಸಕ್ಕೆ ಬಾರದು. ಫ್ರಿಜ್ಜಿನ ಬಾಗಿಲಿನಲ್ಲಿ ಇಡಬೇಡಿ, ತೆಗೆದು ಹಾಕುವಾಗೆಲ್ಲ ಕುಲುಕುತ್ತದೆ. ಕೆಳಗಿನ ತಟ್ಟೆಯಲ್ಲಿ, ಬೆಳಕು ತಾಗದಂತೆ ಹಳೆ ಪೇಪರ್ ಸುತ್ತಿ ನಿಲ್ಲಿಸಿ. ಹಣ್ಣಿಲ್ಲದ ಲ್ಯಾಂಬಿಕ್ ಹಳತಾದಷ್ಟೂ ಆಳವಾಗುತ್ತದೆ, ಹಣ್ಣಿನದ್ದಕ್ಕೆ ಆ ಮಾತು ಪೂರ್ತಿ ಸಲ್ಲುವುದಿಲ್ಲ. ತಿಂಗಳುಗಳು ಉರುಳಿದಂತೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಚೆರ್ರಿ ಹಿಂದೆ ಸರಿಯುತ್ತದೆ, ಕೊಟ್ಟಿಗೆ ಮುಂದೆ ಬರುತ್ತದೆ. ತಂಪಿನಲ್ಲಿ ಆರೇಳು ತಿಂಗಳಿಗೆ ಆಗುವ ನಷ್ಟ ಅಲ್ಪ. ಅಣ್ಣ ಬರುವುದು ಖಚಿತವಿದ್ದರೆ ಕಾಯಿರಿ, ಇಬ್ಬರೂ ಕೂಡಿ ತೆಗೆಯಿರಿ. ಬರುವಾಗ ಅದೇ ಬ್ರೂವರಿಯ, ಅದೇ ವರ್ಷ ಬಾಟಲಿಗೆ ತುಂಬಿದ ಇನ್ನೊಂದನ್ನು ತರಲು ಸಾಧ್ಯವೇ ಎಂದು ಈಗಲೇ ಕೇಳಿಡಿ. ಅಲ್ಲಿನ ತಂಪಿನಲ್ಲಿದ್ದದ್ದು ಮತ್ತು ಇಲ್ಲಿಗೆ ಬಿಸಿಲಲ್ಲಿ ಬಂದದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದರೆ, ನಿಮ್ಮ ಬಾಟಲಿಗೆ ಡಿಕ್ಕಿಯ ಕಾವು ಎಷ್ಟು ತಾಗಿದೆ ಎಂಬುದು ನಿಮಗೇ ತಿಳಿಯುತ್ತದೆ.